ಹಳೆಯ ಕಾರು, ಹೊಸ ಸುಳ್ಳು ಮತ್ತು ನಮ್ಮ ಮೌನ

ಶಿರಾಡಿ ಘಾಟಿಯ ಇಳಿಜಾರಿನಲ್ಲಿ ಬ್ರೇಕ್ ಪೆಡಲ್ ಪೂರ್ತಿ ಕೆಳಗಿಳಿದೂ ಕಾರು ನಿಲ್ಲದೇ ಹೋದರೆ ಹೇಗಿರಬಹುದು? ಹಿಂದಿನ ಸೀಟಿನಲ್ಲಿ ವೃದ್ಧ ತಾಯಿ ಮತ್ತು ಇಬ್ಬರು ಮಕ್ಕಳು. ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗುಡ್ಡದ ಬದಿಯ ಚರಂಡಿಗೆ ಕಾರನ್ನು ತಾಗಿಸಿ ನಿಲ್ಲಿಸಿದ ಆ ಸಂಜೆಯನ್ನು ನಾವು ಮರೆಯಲಾರೆವು. ಕಾರು ಕೊಂಡು ಆಗ ಮೂರು ವಾರಗಳಷ್ಟೇ ಕಳೆದಿದ್ದುವು. 'ಇಂಜಿನ್ ಕೆಲಸ ಆಗಿದೆ, ಬ್ರೇಕ್ ಎಲ್ಲ ಹೊಸತು, ಕಣ್ಣು ಮುಚ್ಚಿ ಓಡಿಸಿ' ಎಂದಿದ್ದರು ಮಾರಾಟಗಾರರು. ಗುಂಡ್ಯದಿಂದ ಬಂದ ಮೆಕ್ಯಾನಿಕ್ ಚಕ್ರ ಬಿಚ್ಚಿದಾಗ ಕಂಡದ್ದು ಲೋಹದವರೆಗೆ ಸವೆದ ಪ್ಯಾಡ್‌ಗಳು ಮತ್ತು ಕಪ್ಪಾದ ಬ್ರೇಕ್ ಆಯಿಲ್. ಹೊಸತಾಗಿದ್ದದ್ದು ಹೊರಗೆ ಬಳಿದ ಬಣ್ಣ ಮಾತ್ರ.

ಆದರೆ ಈ ಘಟನೆಗಿಂತಲೂ ನಮ್ಮನ್ನು ಹೆಚ್ಚು ಕಾಡಿದ್ದು ಆ ಬಳಿಕ ಸಿಕ್ಕ ಸಲಹೆಗಳು. 'ಜೀವ ಉಳಿಯಿತಲ್ಲ, ಕೋರ್ಟು ಕಚೇರಿ ಯಾಕೆ?' ಎಂದರು ಕೆಲವರು. 'ಸ್ವಲ್ಪ ಪಾಲಿಶ್ ಮಾಡಿಸಿ ಬೇರೆ ಯಾರಿಗಾದರೂ ದಾಟಿಸಿಬಿಡಿ' ಎಂದರು ಇನ್ನು ಕೆಲವರು. ಏನಿದರ ಅರ್ಥ? ನಮ್ಮ ಮಕ್ಕಳಿಗೆ ಅಪಾಯವಾದ ಕಾರು ಇನ್ನೊಬ್ಬರ ಮಕ್ಕಳಿಗೆ ಅಪಾಯವಲ್ಲವೇ? ವಂಚನೆಗೊಳಗಾದವನೇ ವಂಚಕನಾಗುವ ಈ ಸರಪಳಿಯನ್ನು ಯಾರಾದರೂ ಎಲ್ಲಿಯಾದರೂ ಕಡಿಯಲೇಬೇಕು. ಮಾರಿದ ವಸ್ತುವಿನಲ್ಲಿ ಅಡಗಿದ್ದ ದೋಷ ಹೊರಬಿದ್ದರೆ ಅದನ್ನು ಮರಳಿಸುವ ಹಕ್ಕನ್ನು ಇಸ್ಲಾಮೀ ಕರ್ಮಶಾಸ್ತ್ರವು 'ಖಿಯಾರುಲ್ ಐಬ್' ಎಂಬ ಹೆಸರಿನಲ್ಲಿ ಖರೀದಿದಾರನಿಗೆ ನೀಡಿದೆ. ಹೀಗಿರುವಾಗ ಹಕ್ಕು ಕೇಳುವುದನ್ನು ಜಗಳಗಂಟತನವೆಂದೂ ಸುಮ್ಮನಿರುವುದನ್ನು ಸಹನೆಯೆಂದೂ ಕರೆಯುವುದು ಎಷ್ಟು ಸರಿ?

'ಹಳೆಯ ಗಾಡಿಗೆ ಯಾರು ಗ್ಯಾರಂಟಿ ಕೊಡುತ್ತಾರೆ?' ಎಂಬುದು ಮಾರಾಟಗಾರರ ಮಾಮೂಲಿ ಉತ್ತರ. ನಿಜ, ಹಳೆಯ ವಸ್ತು ಸವೆದಿರುವುದು ಸಹಜ. ಆದರೆ ಮಾಡದ ರಿಪೇರಿಯನ್ನು ಮಾಡಿದ್ದೇವೆಂದು ಹೇಳುವುದು ಸವೆತವಲ್ಲ, ಸುಳ್ಳು. ವಸ್ತುವಿನ ಗುಣಮಟ್ಟದ ಬಗ್ಗೆ ಸುಳ್ಳು ಹೇಳಿ ಮಾರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಅನುಚಿತ ವ್ಯಾಪಾರ ಪದ್ಧತಿಯೆಂದು ಪರಿಗಣಿಸುತ್ತದೆ. ಹಣ ಪಡೆದು ಕೆಲಸ ಸರಿಯಾಗಿ ಮಾಡದ ಗ್ಯಾರೇಜಿನ ಮೇಲೂ ಸೇವಾ ನ್ಯೂನತೆಯ ದೂರು ನೀಡಬಹುದು.

ದುರಂತವೇನೆಂದರೆ, ಈ ಕಾನೂನು ಎಷ್ಟು ಸರಳವೆಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಜಿಲ್ಲಾ ಗ್ರಾಹಕ ಆಯೋಗಕ್ಕೆ ನಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. 2 ವರ್ಷಗಳೊಳಗೆ ದೂರು ಸಲ್ಲಿಸಿರಬೇಕು, ಅಷ್ಟೇ. ಅದಕ್ಕೂ ಮುನ್ನ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ರಾಜಿಗೆ ಪ್ರಯತ್ನಿಸಬಹುದು. ಬಾಡಿಗೆಗೆ ಓಡಿಸುವ ಕಾರಾದರೂ ಅದು ಸ್ವಂತ ದುಡಿಮೆಯ ಜೀವನೋಪಾಯವಾಗಿದ್ದರೆ ಚಾಲಕನಿಗೂ ಈ ರಕ್ಷಣೆಯಿದೆ. ಆದರೆ ವ್ಯಾಪಾರಿಯಲ್ಲದ ಖಾಸಗಿ ವ್ಯಕ್ತಿಯಿಂದ ಕೊಂಡಿದ್ದರೆ ಸಾಮಾನ್ಯವಾಗಿ 1872ರ ಕರಾರು ಕಾಯ್ದೆಯಡಿ ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕಾಗುತ್ತದೆ.

ಅಷ್ಟಕ್ಕೂ ದೂರು ನಿಲ್ಲುವುದು ಪುರಾವೆಯ ಮೇಲೆ. ನಾವು ಮಾಡಿದ ದೊಡ್ಡ ತಪ್ಪು, ರಿಪೇರಿಯ ಬಿಲ್ಲನ್ನು ಕೇಳದೆ ಬಾಯಿಮಾತನ್ನು ನಂಬಿದ್ದು. ಅದೃಷ್ಟಕ್ಕೆ ವಾಟ್ಸಾಪಿನಲ್ಲಿ 'ಬ್ರೇಕ್ ಹೊಸತು' ಎಂಬ ಸಂದೇಶ ಉಳಿದಿತ್ತು. ದೋಷ ಕಂಡ ಕೂಡಲೇ ಸರಿಪಡಿಸಲು ಅವಸರಿಸದೆ, ಬೇರೊಂದು ಗ್ಯಾರೇಜಿನಿಂದ ಲಿಖಿತ ವರದಿ ಪಡೆಯಬೇಕು. ಫೋಟೋ ತೆಗೆದು, ಬಿಚ್ಚಿದ ಹಳೆಯ ಭಾಗಗಳನ್ನು ಜೋಪಾನವಾಗಿಡಬೇಕು. ಬಳಿಕ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳುಹಿಸಬೇಕು. ಕೊಳ್ಳುವ ಮೊದಲೇ ಮಾಡಬೇಕಾದ ಕೆಲಸವೂ ಒಂದಿದೆ. 2023ರ ಎಪ್ರಿಲ್ 1ರಿಂದ ಹಳೆಯ ವಾಹನಗಳ ವ್ಯಾಪಾರಿಗಳು ನೋಂದಣಿ ಪ್ರಾಧಿಕಾರದಿಂದ ಅಧಿಕಾರಪತ್ರ ಪಡೆದಿರಬೇಕೆಂಬ ನಿಯಮ ಜಾರಿಯಲ್ಲಿದೆ. ಅದನ್ನು ತೋರಿಸಿ ಎಂದು ಕೇಳಲು ಸಂಕೋಚವೇಕೆ?

ನಮ್ಮ ದೂರು ಈಗ ಆಯೋಗದ ಮುಂದಿದೆ. ಕಾಯ್ದೆಯು 3 ತಿಂಗಳೆಂದು, ವಸ್ತುವಿನ ಪರೀಕ್ಷೆ ಬೇಕಿದ್ದರೆ 5 ತಿಂಗಳೆಂದು ಹೇಳಿದರೂ ವಿಳಂಬವಾಗುವುದುಂಟು. ಗೆಲ್ಲುತ್ತೇವೋ ಇಲ್ಲವೋ ಗೊತ್ತಿಲ್ಲ. ಆದರೆ ನೋಟಿಸ್ ತಲುಪುವವರೆಗೆ ಫೋನೆತ್ತದಿದ್ದ ಮಾರಾಟಗಾರರು ಮರುದಿನವೇ ಮಾತುಕತೆಗೆ ಬಂದರು ಎಂಬುದು ನಿಜ. ಕಾರು ಅಂಗಳದಲ್ಲಿಯೇ ನಿಂತಿದೆ. ಕೊಳ್ಳಲು ಇಬ್ಬರು ಬಂದಿದ್ದರು. ಬ್ರೇಕಿನ ವಿಷಯ ಹೇಳಿದೆವು, ಹಿಂದಿರುಗಿದರು. ನಷ್ಟವೇನೋ ನಿಜ. ಆದರೆ ಆ ಸುಳ್ಳು ನಮ್ಮ ಅಂಗಳ ದಾಟಿ ಮುಂದಕ್ಕೆ ಹೋಗಲಿಲ್ಲ.