ಎದಿ ಉರಿಗೆ ಮಿರ್ಚಿ ಒಂದನ್ನ ಬೈಬ್ಯಾಡ್ರಿ

ಅಕ್ಕಾರ, ತಂಗೇರ, ನಮ್ ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆ ಹೆಣ್ಮಗಳು ಎದಿ ಉರಿ, ಹುಳಿ ತೇಗು ಅಂದ್ರ ಸಾಕು, ಮನಿಮಂದಿ ಬಾಯಾಗ ಒಂದ ಮಾತು: "ಮಂಡಕ್ಕಿ-ಮಿರ್ಚಿ ಬಿಡು." ಮಾತು ಪೂರಾ ಸುಳ್ಳಲ್ಲ. ಖಾರ, ಕರಿದದ್ದು ಕೆಲವರಿಗೆ ಆಗಲ್ಲ. ಆದ್ರ ಅದೇ ಮಿರ್ಚಿ ತಿಂದ ಗಂಡಸ್ರು ಎಂಟಕ್ಕೆ ಉಂಡು, ಕಟ್ಟಿ ಮ್ಯಾಲೆ ಕುಂತು ಮಾತಾಡಿ, ಹತ್ತೂವರೆಗೆ ಮಲಗ್ತಾರ. ನಾವು ಎಲ್ಲಾರಿಗೂ ಬಡಿಸಿ, ಪಾತ್ರಿ ತಿಕ್ಕಿ, ಹತ್ತಕ್ಕೆ ಉಳಿದದ್ದು ಉಂಡು ಅಲ್ಲೇ ಅಡ್ಡಾಗ್ತೀವಿ. ಇದನ್ನ ಯಾರೂ ಎಣಿಸಲ್ಲ.

ಅನ್ನನಾಳ ಹೊಟ್ಟಿಗೆ ಕೂಡೋ ಕಡೆ ಒಂದು ಬಿಗಿ ಸ್ನಾಯು ಐತಿ. ಉಂಡದ್ದು ಇಳಿದ ಮ್ಯಾಲೆ ಅದು ಮುಚ್ಚಬೇಕು. ಸಡಿಲಾದ್ರ ಹೊಟ್ಟಿ ಆಮ್ಲ ಮ್ಯಾಲೆ ಬರ್ತೈತಿ. ಕುಂತೋರಿಗೆ ಅದು ಜಲ್ದಿ ವಾಪಸ್ ಇಳೀತೈತಿ. ತುಂಬಿದ ಹೊಟ್ಟಿಲೆ ಮಲಗಿದೋರಿಗೆ ಗಂಟಲ ತನಕ ಹರೀತೈತಿ.

"ಹೆಣ್ಮಗಳು ಕೊನಿಗೆ ಉಂಡ್ರನ ಚೆಂದ" ಅನ್ನೋರಿಗೆ ಕೇಳ್ತೀನಿ: ಚೆಂದ ಮನಿಗೆ, ಉರಿ ಯಾರ ಎದಿಗೆ? ಬಡಿಸೋರು ಯಾರು ಅಂತೀರೇನು? ಪಾತ್ರಿ ನಡುಕ ಇಡ್ರಿ. ಕೈ ಎಲ್ಲಾರಿಗೂ ಅದಾವ.

ಮಲಗೋಕಿಂತ 2-3 ತಾಸು ಮೊದಲ ಉಣ್ರಿ, ಹೊಟ್ಟಿ ಬಿರಿಯಂಗ ಬ್ಯಾಡ. ತೂಕ ಹೆಚ್ಚಿದ್ರ ಇಳಸ್ರಿ. ರಾತ್ರಿ ಉರಿಯೋರು ಮಂಚದ ತಲಿ ಕಡೆ ಕಾಲಿಗೆ ಆರು ಇಂಚಿನಷ್ಟು ಗಟ್ಟಿ ಆಸರ ಕೊಡ್ರಿ, ಎಡಮಗ್ಗಲಿಗೆ ಮಲಗ್ರಿ. ಬರೇ ದಿಂಬು ಏರಿಸಿದ್ರ ಕುತ್ತಿಗಿ ಬಗ್ಗತೈತಿ ಅಷ್ಟ.

ಇನ್ನ ಗುಳಿಗಿ ಮಾತು. ಪ್ಯಾಂಟೊಪ್ರಜೋಲ್ ಕೆಟ್ಟದ್ದಲ್ಲ. ಡಾಕ್ಟರ್ ಹೇಳಿದಂಗ, ಊಟಕ್ಕಿಂತ ಅರ್ಧ ತಾಸು ಮೊದಲ, ಸಾಮಾನ್ಯವಾಗಿ 4ರಿಂದ 8 ವಾರ ತಗೊಳ್ಳೋದು. ಮೆಡಿಕಲ್ ಶಾಪಿನಿಂದ ಹಾಳಿ ಹಾಳಿ ತಂದು ವರ್ಷಗಟ್ಟಲೆ ನುಂಗೋದಲ್ಲ. ಅಡಿಗಿ ಸೋಡಾ ನೀರು ಗಳಿಗಿ ಹೊತ್ತಿನ ಸಮಾಧಾನ. ಅದರಾಗ ಸೋಡಿಯಂ ಐತಿ, ಬಿಪಿ ಇದ್ದೋರು ಮುಟ್ಟಬ್ಯಾಡ್ರಿ.

ಎಲ್ಲಾದಕ್ಕೂ "ಗ್ಯಾಸ್" ಅಂತ ಹೆಸರಿಟ್ಟು ಸುಮ್ಮನಾಗೋದೂ ನಿಲ್ಲಲಿ. ನುಂಗಾಕ ತ್ರಾಸು, ತನ್ನಷ್ಟಕ್ಕ ತೂಕ ಇಳಿಯೋದು, ರಕ್ತ ವಾಂತಿ, ಡಾಂಬರಿನಂಗ ಕರಿ ಮಲ ಇದ್ರ ತಡ ಮಾಡದ ದವಾಖಾನಿಗೆ ಹೋಗ್ರಿ. ಎದಿ ಬಿಗಿದು, ಬೆವರು ಬಂದು, ತೋಳಿಗೋ ದವಡಿಗೋ ನೋವು ಹರದ್ರ ಅದು ಹೃದಯಾಘಾತ ಇರಬಹುದು; 108ಕ್ಕೆ ಫೋನ್ ಮಾಡ್ರಿ, ಸೋಡಾ ಕಲಸ್ತಾ ಕೂಡಬ್ಯಾಡ್ರಿ.

ಇವತ್ತ ರಾತ್ರಿ ನಿಮ್ಮ ತಾಟೂ ಎಲ್ಲಾರ ತಾಟಿನ ಜೊತಿಗೇ ಇಡ್ರಿ. ಯಾರಾದ್ರೂ ಏನಾದ್ರೂ ಅಂದ್ರ, ಉಂಡ ಮ್ಯಾಲೆ ಉತ್ತರ ಕೊಟ್ಟರಾತು.