ಸುಮ್ಮನಿರುವ ಗಣಕವೆಲ್ಲ ವ್ಯರ್ಥವೇ?

ಗಣಕಯಂತ್ರವನ್ನು ಕೊಂಡು ತನ್ನಲ್ಲಿಟ್ಟುಕೊಳ್ಳದೆ, ದೂರದಲ್ಲೆಲ್ಲೋ ಇರುವ ಯಂತ್ರದ ಶಕ್ತಿಯನ್ನು ಅಂತರಜಾಲದ ಮೂಲಕ ಬಾಡಿಗೆಗೆ ಪಡೆಯುವ ಏರ್ಪಾಡಿಗೆ ಕ್ಲೌಡ್ ಕಂಪ್ಯೂಟಿಂಗ್ ಎಂದು ಹೆಸರು. ದೂರವಾಣಿಯಂತೆ ಗಣನಶಕ್ತಿಯೂ ಒಂದು ದಿನ ಸಾರ್ವಜನಿಕ ಸೇವೆಯಾದೀತೆಂದು ಅಮೆರಿಕದ ವಿಜ್ಞಾನಿ ಜಾನ್ ಮೆಕಾರ್ಥಿಯವರು 1961ರಲ್ಲಿಯೇ ಸೂಚಿಸಿದ್ದರು. 2006ರಲ್ಲಿ ಅಮೆಜಾನ್ ಸಂಸ್ಥೆಯು ಇಂತಹ ಬಾಡಿಗೆಯನ್ನು ಆರಂಭಿಸಿದ ಮೇಲೆ ಅದು ಜಗತ್ತಿನಾದ್ಯಂತ ಹಬ್ಬಿತು. ಇಂದು ಭರಮಸಾಗರದ ವಿದ್ಯಾರ್ಥಿಯೂ ಕೆಲವೇ ನಿಮಿಷಗಳಲ್ಲಿ ಇಂತಹ ಯಂತ್ರವೊಂದನ್ನು ಪಡೆಯಬಲ್ಲನು.

ಪಡೆಯುವುದು ಸುಲಭವಾದಷ್ಟೂ ಮರೆಯುವುದು ಸುಲಭ. ಕೆಲಸ ಮುಗಿದರೂ ನಿಲ್ಲಿಸದ ಯಂತ್ರಕ್ಕೆ ಬಾಡಿಗೆ ಏರುತ್ತಲೇ ಇರುತ್ತದೆ. ವಿದ್ಯುತ್ತಿನ ವ್ಯಯವೂ ಅಲ್ಪವಲ್ಲ. ಏನೂ ಕೆಲಸ ಮಾಡದ ಸರ್ವರು ಸಹ, ಪೂರ್ಣವಾಗಿ ದುಡಿಯುವಾಗ ಬೇಕಾಗುವ ವಿದ್ಯುತ್ತಿನ ಸುಮಾರು ಅರ್ಧದಷ್ಟನ್ನು ನುಂಗುತ್ತದೆಂದು ಗೂಗಲ್ ಸಂಸ್ಥೆಯ ಇಬ್ಬರು ತಜ್ಞರು 2007ರಲ್ಲಿ ತೋರಿಸಿಕೊಟ್ಟರು.

ಸಾವಿರಾರು ಯಂತ್ರಗಳ ನಡುವೆ ಇಂತಹ ಸೋಮಾರಿಗಳನ್ನು ಹುಡುಕಲು ಫಿಲ್ಟರ್ ಎಂಬ ಜರಡಿಯನ್ನು ಹಿಡಿಯುತ್ತಾರೆ. ಅಮೆಜಾನ್ ಬಳಕೆಗೆ ತಂದ ಒಂದು ಜರಡಿಯ ಕಣ್ಣು ಹೀಗಿದೆ: ಹಿಂದಿನ 14 ದಿನಗಳಲ್ಲಿ ಕನಿಷ್ಠ 4 ದಿನ, ಯಂತ್ರದ ಪ್ರೊಸೆಸರು ಶೇಕಡ 10ಕ್ಕಿಂತ ಹೆಚ್ಚು ದುಡಿಯದೆ, ಜಾಲದಲ್ಲಿ ಸಾಗಿದ ಮಾಹಿತಿಯೂ ದಿನಕ್ಕೆ 5 ಮೆಗಾಬೈಟುಗಳನ್ನು ಮೀರದಿದ್ದರೆ, ಆ ಯಂತ್ರವನ್ನು ಅಲ್ಪಬಳಕೆಯದೆಂದು ಗುರುತಿಸಬೇಕು. ಉಪಾಯವು ಸರಳವಾಗಿದೆ, ಉಪಯುಕ್ತವೂ ಆಗಿದೆ.

ಆದರೆ ಜರಡಿಯು ಗುರುತಿಸಿದ್ದನ್ನೆಲ್ಲ ಕೂಡಲೆ ನಿಲ್ಲಿಸಿಬಿಡುವುದು ವಿವೇಕವೇ? ನಮ್ಮ ಜಿಲ್ಲೆಯ ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರವನ್ನು ನೋಡೋಣ. ವೇದಾವತಿ ನದಿಗೆ ಅಡ್ಡಲಾಗಿ ಕಟ್ಟಿದ ಈ ಅಣೆಕಟ್ಟಿನ ಕೆಲಸ 1907ರಲ್ಲಿ ಮುಗಿಯಿತು. ಅದು ಮೊದಲ ಬಾರಿಗೆ ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ತರುವಾಯ, 2022ರಲ್ಲಿ. ನಡುವಣ ಯಾವುದೋ ಒಂದು ವರ್ಷ, ಬರಿಯ ಲೆಕ್ಕಪತ್ರವನ್ನು ನೋಡಿದವನೊಬ್ಬನು “ಕಟ್ಟೆಯ ಮೇಲ್ಭಾಗ ನಿರುಪಯೋಗಿ, ಅದನ್ನು ಕೆಡವಿರಿ” ಎಂದಿದ್ದರೆ ಅವನ ಅಂಕಿಗಳು ಸುಳ್ಳಾಗುತ್ತಿರಲಿಲ್ಲ. ತೀರ್ಮಾನ ಮಾತ್ರ ತಪ್ಪಾಗುತ್ತಿತ್ತು. ಬಳಕೆಯಾಗದಿರುವುದು ಬೇರೆ, ಬೇಡವಾಗಿರುವುದು ಬೇರೆ.

ಗಣಕಗಳಲ್ಲಿಯೂ ಹೀಗೆಯೇ. ಮುಖ್ಯ ಯಂತ್ರ ಕೆಟ್ಟೊಡನೆ ಅದರ ಹೊಣೆಯನ್ನು ವಹಿಸಿಕೊಳ್ಳಲು ಕಾದಿರುವ ಯಂತ್ರ, ತಿಂಗಳಿಗೊಮ್ಮೆ ಮಾತ್ರ ಸಂಬಳದ ಲೆಕ್ಕ ಮಾಡುವ ಯಂತ್ರ, ಇವೆರಡೂ 14 ದಿನಗಳ ಜರಡಿಗೆ ಸೋಮಾರಿಗಳಾಗಿಯೇ ಕಂಡಾವು. ಬೇಕಾದಾಗ ಹೊಸ ಯಂತ್ರವನ್ನು ಪಡೆಯಬಹುದಲ್ಲವೇ ಎಂದು ವಾಚಕರು ಕೇಳಬಹುದು. ಯಂತ್ರವನ್ನು ಪಡೆಯಬಹುದು, ನಿಜ. ಪ್ರತಿಯಿಲ್ಲದೆ ಅಳಿಸಿಹೋದ ಮಾಹಿತಿಯನ್ನು ಪಡೆಯಲಾಗದು.

ಆದುದರಿಂದ ಜರಡಿಯನ್ನು ನ್ಯಾಯಾಧೀಶನನ್ನಾಗಿ ಮಾಡದೆ, ಪ್ರಶ್ನೆ ಕೇಳುವವನನ್ನಾಗಿ ಇಟ್ಟುಕೊಳ್ಳುವುದು ಲೇಸು. ಯಂತ್ರವನ್ನು ಪಡೆಯುವ ದಿನವೇ ಅದಕ್ಕೊಂದು ಚೀಟಿಯನ್ನು ಅಂಟಿಸಬೇಕು: ಇದು ಯಾರದು, ಯಾವ ಕೆಲಸಕ್ಕೆ, ಎಂದಿನವರೆಗೆ? ಈ ಮೂರಕ್ಕೂ ಉತ್ತರವಿದ್ದರೆ ಜರಡಿಯ ವರದಿಯನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ಉತ್ತರವಿಲ್ಲದ ಯಂತ್ರವನ್ನು ಮೊದಲು ನಿಲ್ಲಿಸಿ, ಕೆಲವು ವಾರ ಕಾದು, ಯಾರೂ ಕೇಳದಿದ್ದರೆ ಮಾತ್ರ ಅಳಿಸುವುದು ಯುಕ್ತ. ಅಳೆಯುವುದನ್ನು ಯಂತ್ರವೇ ಮಾಡೀತು. ಅಳೆದುದರ ಅರ್ಥವನ್ನು ವಿಚಾರಿಸುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಈಗಿನಿಂದಲೇ ರೂಢಿಸಿಕೊಳ್ಳಬೇಕು.