ಕೂಲಿ ಏರಿಕೆ ಮತ್ತು ಕುಟುಂಬದ ಕೊಳ್ಳುವ ಶಕ್ತಿ: ದುಡಿಯುವ ಕುಟುಂಬಗಳ ಮಾಹಿತಿಗಾಗಿ

ಬಾಗಲಕೋಟೆ, ಬಾದಾಮಿ, ಹುನಗುಂದ ಹಾಗೂ ಇಳಕಲ್ ತಾಲ್ಲೂಕುಗಳ ದುಡಿಯುವ ಕುಟುಂಬಗಳು ಆದಾಯ ಪ್ರಮಾಣ ಪತ್ರ, ಪಡಿತರ ಚೀಟಿ ಮುಂತಾದ ಸೇವೆಗಳಿಗೆ ಅರ್ಜಿ ಸಲ್ಲಿಸುವಾಗ ತಮ್ಮ ಆದಾಯವನ್ನು ರೂಪಾಯಿಗಳಲ್ಲಿ ನಮೂದಿಸುತ್ತವೆ. ಆ ರೂಪಾಯಿಗೆ ಸಂತೆಯಲ್ಲಿ ಎಷ್ಟು ಜೋಳ, ಬೇಳೆ, ಎಣ್ಣೆ ದೊರೆಯುತ್ತದೆ ಎಂಬುದನ್ನು ಅರ್ಜಿ ನಮೂನೆ ಕೇಳುವುದಿಲ್ಲ. ಕೂಲಿ ಏರಿದ ವರ್ಷವೂ ಮನೆಯ ಖರ್ಚು ತೂಗದಿರುವುದಕ್ಕೆ ಕಾರಣಗಳನ್ನು ಇಲ್ಲಿ ವಿವರಿಸಲಾಗಿದೆ.

ಮಹಾತ್ಮ ಗಾಂಧಿ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯಡಿ ಕರ್ನಾಟಕಕ್ಕೆ ನಿಗದಿಯಾಗಿದ್ದ ದಿನಗೂಲಿ 2022-23ರಲ್ಲಿ ರೂ. 309/-, 2023-24ರಲ್ಲಿ ರೂ. 316/- ಹಾಗೂ 2024-25ರಲ್ಲಿ ರೂ. 349/- ಇತ್ತು. 2023-24ರ ಹೆಚ್ಚಳ ಕೇವಲ 7 ರೂಪಾಯಿ, ಅಂದರೆ ಶೇ. 2.3. ಅದೇ ವರ್ಷ ದೇಶದ ಸರಾಸರಿ ಚಿಲ್ಲರೆ ಬೆಲೆ ಏರಿಕೆ ಶೇ. 5.4ರಷ್ಟಿತ್ತು; ಆಹಾರ ಪದಾರ್ಥಗಳ ಬೆಲೆ ಏರಿಕೆ ಶೇ. 7.5ರಷ್ಟಿತ್ತು. ಹಿಂದಿನ ವರ್ಷದ ಬೆಲೆಗಳಲ್ಲಿ ಲೆಕ್ಕ ಹಾಕಿದರೆ ರೂ. 316/-ರ ಮೌಲ್ಯ ಸುಮಾರು ರೂ. 300/- ಮಾತ್ರ. ಆಹಾರ ಪದಾರ್ಥಗಳನ್ನಷ್ಟೇ ಗಣಿಸಿದರೆ ಸುಮಾರು ರೂ. 294/-. ಬಡ ಕುಟುಂಬದ ಖರ್ಚಿನ ಹೆಚ್ಚಿನ ಪಾಲು ಆಹಾರಕ್ಕೇ ಹೋಗುವುದರಿಂದ ಎರಡನೆಯ ಲೆಕ್ಕವೇ ಅವರ ಅನುಭವಕ್ಕೆ ಹತ್ತಿರವಾದುದು.

2024-25ರಲ್ಲಿ ಕೂಲಿ ಶೇ. 10ಕ್ಕಿಂತ ಹೆಚ್ಚು ಏರಿತು. ಬೆಲೆ ಏರಿಕೆ ಶೇ. 4.6ಕ್ಕೆ ಇಳಿಯಿತು. ಇದರಿಂದ ಕೊಳ್ಳುವ ಶಕ್ತಿ 2022-23ರ ಮಟ್ಟವನ್ನು ತುಸು ದಾಟಿತು. ಆದರೆ ನಡುವಿನ ಒಂದು ವರ್ಷ ಅಂಗಡಿಯಲ್ಲಿ ಮಾಡಿದ ಉದ್ರಿ, ಅದನ್ನು ತೀರಿಸಲು ತಂದ ಕೈಸಾಲ ಮತ್ತು ಅದರ ಬಡ್ಡಿ ಈ ಸರಾಸರಿಗಳಲ್ಲಿ ಕಾಣುವುದಿಲ್ಲ.

ಸರ್ಕಾರಿ ನೌಕರರ ತುಟ್ಟಿಭತ್ಯೆ ವರ್ಷಕ್ಕೆ ಎರಡು ಬಾರಿ ಪರಿಷ್ಕರಣೆಯಾಗುತ್ತದೆ. ಕನಿಷ್ಠ ವೇತನದ ವ್ಯಾಪ್ತಿಗೆ ಬರುವ ಉದ್ದಿಮೆಗಳ ಕಾರ್ಮಿಕರಿಗೂ ಬೆಲೆ ಸೂಚ್ಯಂಕವನ್ನು ಆಧರಿಸಿದ ಬದಲಾಗುವ ತುಟ್ಟಿಭತ್ಯೆ ಸೇರುತ್ತದೆ. ಇಳಕಲ್‌ನ ಕೈಮಗ್ಗದ ನೇಕಾರರ ಸ್ಥಿತಿ ಬೇರೆ. ಅವರಿಗೆ ದೊರೆಯುವುದು ಸೀರೆಯ ಲೆಕ್ಕದ ಮಜೂರಿ. ಮನೆಯ ಹೆಂಗಸರು ಕಂಡಿಕೆ ಸುತ್ತುವುದು, ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸಲು ಮತ್ತೊಬ್ಬರು ನೆರವಾಗುವುದು, ಎಲ್ಲವೂ ಆ ಒಂದೇ ಮಜೂರಿಯಲ್ಲಿ ಅಡಕವಾಗಿರುತ್ತದೆ. ರೇಷ್ಮೆ, ನೂಲಿನ ದರ ಏರಿದಾಗ ಮಾಲೀಕರು ಮಜೂರಿ ಹೆಚ್ಚಿಸಲು ಹಿಂಜರಿಯುವುದು ಸಹಜ. ಹಾಗಾಗಿ ಬೆಲೆ ಏರಿದ ಕಾಲದಲ್ಲಿಯೇ ನೇಕಾರನ ಕೂಲಿ ನಿಂತಲ್ಲೇ ನಿಲ್ಲುತ್ತದೆ. ಹುನಗುಂದದ ಎರೆ ಭೂಮಿಯಲ್ಲಿ ಜೋಳದ ಕೊಯ್ಲಿನ ಕೂಲಿಯನ್ನು ಕಾಳಿನಲ್ಲಿಯೇ ಪಡೆಯುತ್ತಿದ್ದ ಹಿಂದಿನವರಿಗೆ ಈ ಒಂದು ತೊಂದರೆಯಾದರೂ ಇರಲಿಲ್ಲ.

ಅರ್ಜಿದಾರರು ವಿಶೇಷವಾಗಿ ಗಮನಿಸಬೇಕಾದುದು ಆದಾಯ ಮಿತಿ. 2024ರಲ್ಲಿ ಪಡಿತರ ಚೀಟಿಗಳ ಪರಿಶೀಲನೆ ನಡೆದಾಗ ವಾರ್ಷಿಕ ರೂ. 1.20 ಲಕ್ಷದ ಮಿತಿಯನ್ನು ಮಾನದಂಡವಾಗಿ ಬಳಸಲಾಯಿತು. ಉದಾಹರಣೆಗೆ, ವರ್ಷದಲ್ಲಿ 300 ದಿನ ರೂ. 380/-ರಂತೆ ದುಡಿಯುವ ಕುಟುಂಬದ ಆದಾಯ ರೂ. 1,14,000/-. ಕೂಲಿ ರೂ. 410/-ಕ್ಕೆ ಏರಿದರೆ ಆದಾಯ ರೂ. 1,23,000/- ಆಗಿ ಮಿತಿಯನ್ನು ಮೀರುತ್ತದೆ. ಅದೇ ಅವಧಿಯಲ್ಲಿ ಬೆಲೆಗಳೂ ಶೇ. 8ರಷ್ಟು ಏರಿದ್ದರೆ ಆ ಕುಟುಂಬ ಮೊದಲಿಗಿಂತ ಒಂದು ಸೇರು ಜೋಳವನ್ನೂ ಹೆಚ್ಚಿಗೆ ಕೊಳ್ಳಲಾರದು. ಆದರೂ ಕಾಗದದ ಮೇಲೆ ಅದು ಸ್ಥಿತಿವಂತ ಕುಟುಂಬ. ಬೆಲೆಯೊಂದಿಗೆ ಏರದ ಮಿತಿ ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತಲೇ ಹೋಗುತ್ತದೆ.

ಚೀಟಿ ಕಳೆದುಕೊಂಡರೆ ಆಗುವ ನಷ್ಟವೂ ಸಣ್ಣದಲ್ಲ. ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು 2023ರ ಜುಲೈನಿಂದ ತಲಾ ರೂ. 170/- ನೀಡಲಾಗುತ್ತಿತ್ತು, 2025ರ ಫೆಬ್ರುವರಿಯಿಂದ ಅಕ್ಕಿಯನ್ನೇ ವಿತರಿಸಲಾಯಿತು. ಧಾನ್ಯದ ರೂಪದ ನೆರವು ಬೆಲೆ ಏರಿಕೆಯಿಂದ ಕರಗುವುದಿಲ್ಲ.

ಆದ್ದರಿಂದ ಆದಾಯವನ್ನು ಘೋಷಿಸುವಾಗ ದಿನದ ದರವನ್ನು ವರ್ಷದ ಎಲ್ಲ ದಿನಗಳಿಗೆ ಗುಣಿಸದೆ, ವಾಸ್ತವವಾಗಿ ಕೆಲಸ ದೊರೆತ ದಿನಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದು. ನೇಕಾರರು ಮಗ್ಗ ನಿಂತಿದ್ದ ದಿನಗಳನ್ನೂ ನಮೂದಿಸುವುದು. ಮಜೂರಿ ಚೀಟಿ, ಬ್ಯಾಂಕ್ ಪಾಸ್ ಪುಸ್ತಕ ಇದ್ದಲ್ಲಿ ಸ್ಥಳ ಪರಿಶೀಲನೆಗೆ ಬರುವ ಗ್ರಾಮ ಆಡಳಿತ ಅಧಿಕಾರಿಗಳಿಗೆ ತೋರಿಸುವುದು.